ಅಪ್‌ಡೇಟ್ ಆದ ಮೇಲೆ ಇನ್‌ಪುಟ್ ತೆಗೆದುಕೊಳ್ಳದ ಪ್ರೋಗ್ರಾಂಗಳು: ನಮ್ಮ ಲ್ಯಾಬಿನ ಅನುಭವ

ಹಾವೇರಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ನಾನು ಬಿಸಿಎ ಮೊದಲ ವರ್ಷದವರಿಗೆ ಸಿ ಮತ್ತು ಪೈಥಾನ್ ಪ್ರೋಗ್ರಾಮಿಂಗ್ ಭಾಷೆಗಳನ್ನು ಕಲಿಸುತ್ತೇನೆ. ಈ ಸಲ ರಜೆಯಲ್ಲಿ, ನಿರ್ವಹಣೆಯ ಗುತ್ತಿಗೆ ಪಡೆದವರು ನಮ್ಮ ಲ್ಯಾಬಿನ ಎಲ್ಲ ಕಂಪ್ಯೂಟರುಗಳನ್ನೂ ಅಪ್‌ಡೇಟ್ ಮಾಡಿ, ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಎಡಿಟರಿನ ಹೊಸ ಆವೃತ್ತಿಯನ್ನೂ, ಬರೆದ ಸಿ ಪ್ರೋಗ್ರಾಮನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವ ಹೊಸ ಕಂಪೈಲರನ್ನೂ ಹಾಕಿಹೋಗಿದ್ದರು. ತರಗತಿ ಶುರುವಾದ ಮೇಲೆ, ಬಳಕೆದಾರರಿಂದ ಏನನ್ನಾದರೂ ಕೇಳಿ ಪಡೆಯಬೇಕಾದ ಒಂದು ಪ್ರೋಗ್ರಾಮೂ ಸರಿಯಾಗಿ ಓಡಲಿಲ್ಲ. ಮೊದಲ ಆಂತರಿಕ ಪರೀಕ್ಷೆ ಹತ್ತಿರದಲ್ಲಿದ್ದುದರಿಂದ ಆತಂಕ ಇನ್ನಷ್ಟು ಹೆಚ್ಚಿತು. ಈಗ ಎಲ್ಲವೂ ಸರಿಯಾಗಿದೆ. ಇದೇ ತೊಂದರೆಯಲ್ಲಿ ಸಿಲುಕುವ ಬೇರೆ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ನಾವು ಅಲೆದಷ್ಟು ಅಲೆದಾಟ ಬೇಡವೆಂದು, ನಡೆದದ್ದನ್ನು ನಡೆದ ಕ್ರಮದಲ್ಲೇ ಬರೆಯುತ್ತಿದ್ದೇನೆ.

ಮೊದಲ ಪ್ರಾಯೋಗಿಕ ತರಗತಿಗೆ ಸರಳ ಬಡ್ಡಿಯ ಪ್ರೋಗ್ರಾಂ ಕೊಟ್ಟಿದ್ದೆ. ಅಸಲು, ದರ, ಅವಧಿ ಈ ಮೂರನ್ನೂ ಕೇಳಿ ಬಡ್ಡಿಯನ್ನು ತೋರಿಸುವ ಹತ್ತು ಹನ್ನೆರಡು ಸಾಲಿನ ಸಿ ಪ್ರೋಗ್ರಾಂ ಅದು. ಮೇಲ್ಗಡೆ ಬಲಮೂಲೆಯ ತ್ರಿಕೋನದ ಗುಂಡಿಯನ್ನು ಒತ್ತಿದರೆ ಕೆಳಗೆ ಒಂದು ಪಟ್ಟಿ ತೆರೆದುಕೊಂಡು, 'ರನ್ನಿಂಗ್' ಎಂದು ಆರಂಭವಾಗುವ ಒಂದು ಸಾಲು ಬರುತ್ತಿತ್ತು. ಆಮೇಲೆ ಏನೂ ಇಲ್ಲ. 'ಅಸಲು ಎಷ್ಟು' ಎಂದು ಕೇಳುವ ಸಾಲೂ ಕಾಣಲಿಲ್ಲ, ಕರ್ಸರೂ ಅಲ್ಲಿ ಮಿನುಗಲಿಲ್ಲ. ಮುಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಧೈರ್ಯ ಮಾಡಿ 5000 ಎಂದು ಟೈಪ್ ಮಾಡಿದಳು. ಆ ಅಂಕಿಗಳು ಕೆಳಗಿನ ಪಟ್ಟಿಗೆ ಹೋಗದೆ ಆಕೆ ಬರೆದ ಪ್ರೋಗ್ರಾಮಿನೊಳಗೇ, ಒಂದು ಅರ್ಧವಿರಾಮದ ಪಕ್ಕದಲ್ಲಿ, ಹೋಗಿ ಕುಳಿತವು. ಮತ್ತೆ ತ್ರಿಕೋನ ಒತ್ತಿದಾಗ 'ಕೋಡ್ ಆಗಲೇ ಓಡುತ್ತಿದೆ' ಎಂಬ ಅರ್ಥದ ಇಂಗ್ಲಿಷ್ ಸೂಚನೆ ಬಂತು. "ನಾ ಏನೂ ಮಾಡಿಲ್ರಿ ಮೇಡಂ, ಅದ ನಿಂತೈತ್ರಿ" ಎಂದು ಆಕೆ ಕೈ ಹಿಂದೆ ಕಟ್ಟಿಕೊಂಡು ನಿಂತಳು. ಮನೆಯಲ್ಲಿ ಕಂಪ್ಯೂಟರ್ ಇಲ್ಲದ, ಲ್ಯಾಬಿನಲ್ಲೇ ಮೊದಲ ಬಾರಿಗೆ ಕೀಲಿಮಣೆ ಮುಟ್ಟಿದ ಮಕ್ಕಳು ನಮ್ಮಲ್ಲಿ ಬಹಳ ಜನ ಇದ್ದಾರೆ. ಯಂತ್ರ ಉತ್ತರ ಕೊಡದಿದ್ದರೆ ತಪ್ಪು ತಮ್ಮದೇ ಎಂದುಕೊಳ್ಳುವುದು ಅವರ ಸ್ವಭಾವ. ಈ ತೊಂದರೆಯಲ್ಲಿ ನನಗೆ ಹೆಚ್ಚು ನೋವು ಕೊಟ್ಟದ್ದು ಅದೇ.

ಸ್ವಲ್ಪ ತಿಳಿದ ಹುಡುಗರು ಬೇರೊಂದು ಕಿಟಕಿ ತೆರೆದು ಕಂಪೈಲರಿಗೆ ನೇರವಾಗಿ ಆದೇಶ ಕೊಡಲು ಹೋದರು. ಅಲ್ಲಿ ಇನ್ನೊಂದು ದೋಷ ಎದುರಾಯಿತು. ಕಂಪೈಲ್ ಆದಾಗ ಸಿದ್ಧವಾಗುವ ಔಟ್‌ಪುಟ್ ಕಡತವನ್ನು ತೆರೆಯಲಾಗುತ್ತಿಲ್ಲ, 'ಪರ್ಮಿಷನ್ ಡಿನೈಡ್' ಎಂದು, ಆ ಕಡತವನ್ನು ಜೋಡಿಸಿಕೊಡುವ ಲಿಂಕರ್ ಹೇಳತೊಡಗಿತು. ಅನುಮತಿ ಇಲ್ಲ ಎಂಬ ಆ ಮಾತು ನಮ್ಮನ್ನು ಪೂರ್ತಿ ಬೇರೆ ದಾರಿಗೆ ಎಳೆದೊಯ್ದಿತು. ಅಪ್‌ಡೇಟ್ ಮಾಡಿದವರು ಫೋಲ್ಡರಿನ ಹಕ್ಕುಗಳನ್ನು ಬದಲಿಸಿರಬೇಕು, ಇಲ್ಲವೇ ಆಂಟಿವೈರಸ್ ಅಡ್ಡ ಬರುತ್ತಿರಬೇಕು ಎಂದು ಸಹೋದ್ಯೋಗಿಗಳೆಲ್ಲರ ಅಭಿಪ್ರಾಯವಾಯಿತು. ಅದನ್ನು ಪರಿಶೀಲಿಸಲು ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಇದ್ದದ್ದು ಕಚೇರಿಯಲ್ಲಿ. ಪ್ರಾಂಶುಪಾಲರಿಗೆ ಪತ್ರ ಬರೆದು, ಅದು ಆವಕ ವಹಿಯಲ್ಲಿ ದಾಖಲಾಗಿ, ಸೂಪರಿಂಟೆಂಡೆಂಟರ ಸಹಿ ಬಿದ್ದು ಪಾಸ್‌ವರ್ಡ್ ಕೈಗೆ ಬರುವಷ್ಟರಲ್ಲಿ ವಾರದ ಲ್ಯಾಬ್ ಅವಧಿಗಳು ಕಳೆದೇ ಹೋದವು. ನಿರ್ವಹಣೆಯವರಿಗೆ ಫೋನ್ ಮಾಡಿದರೆ, ಇದು ಗುತ್ತಿಗೆಯ ವ್ಯಾಪ್ತಿಗೆ ಬರುವುದಿಲ್ಲ, ಪ್ರತಿ ಭೇಟಿಗೆ 500 ರೂಪಾಯಿ ಆಗುತ್ತದೆ, ಬಹುಶಃ ಎಲ್ಲವನ್ನೂ ಫಾರ್ಮ್ಯಾಟ್ ಮಾಡಬೇಕಾಗಬಹುದು ಎಂದರು. ಫಾರ್ಮ್ಯಾಟ್ ಎಂದರೆ ಕಳೆದ ವರ್ಷಗಳ ವಿದ್ಯಾರ್ಥಿಗಳ ಕೆಲಸವೆಲ್ಲ ಅಳಿಸಿಹೋಗುವ ಮಾತು. ಅದಕ್ಕೆ ನಾನು ಒಪ್ಪಲಿಲ್ಲ.

ಇದನ್ನು ಓದುತ್ತಿರುವವರಿಗೆ ಇಲ್ಲಿಯೇ ಒಂದು ಮಾತು ಹೇಳಿಬಿಡುತ್ತೇನೆ. ಕಂಪೈಲ್ ಮಾಡುವಾಗ ಹೀಗೆ ಅನುಮತಿಯ ದೋಷ ಬಂದರೆ, ಹಿಂದೆ ಓಡಿಸಿದ ಅದೇ ಪ್ರೋಗ್ರಾಂ ಇನ್ನೂ ಮುಗಿಯದೆ ಹಿನ್ನೆಲೆಯಲ್ಲಿ ಉಳಿದಿದೆಯೇ ಎಂದು ಮೊದಲು ನೋಡಿ. ವಿಂಡೋಸಿನಲ್ಲಿ ಓಡುತ್ತಿರುವ ಪ್ರೋಗ್ರಾಮಿನ ಕಡತದ ಮೇಲೆ ಬೇರೊಂದನ್ನು ಬರೆಯಲು ಬರುವುದಿಲ್ಲ. ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದರೆ ನಿಮ್ಮ ಪ್ರೋಗ್ರಾಮಿನ ಹೆಸರು ಅಲ್ಲಿ ಕಾಣುತ್ತದೆ. ಅದನ್ನು ಮುಗಿಸಿದ ಕೂಡಲೇ ಕಂಪೈಲ್ ಆಗುತ್ತದೆ. ನಮ್ಮಲ್ಲಿ ಆದದ್ದೂ ಅಷ್ಟೇ. ಉತ್ತರಕ್ಕಾಗಿ ಕಾಯುತ್ತಿದ್ದ ಸರಳ ಬಡ್ಡಿಯ ಪ್ರೋಗ್ರಾಂ ಕಣ್ಣಿಗೆ ಕಾಣದಂತೆ ಕಾಯುತ್ತಲೇ ಇತ್ತು. ಪಾಸ್‌ವರ್ಡಿಗೂ ಆಂಟಿವೈರಸ್ಸಿಗೂ ಇದಕ್ಕೂ ಏನೇನೂ ಸಂಬಂಧವಿರಲಿಲ್ಲ.

ಕಂಪೈಲರ್ ಮೇಲಿನ ಅನುಮಾನ ಆಗಲೂ ಉಳಿದಿತ್ತು. ಅದನ್ನು ಮತ್ತೆ ಇಳಿಸಿಕೊಳ್ಳಲು ಕಾಲೇಜಿನ ಇಂಟರ್‌ನೆಟ್ ಸಾಲದೆ, ನನ್ನ ಮೊಬೈಲಿನ ಆ ದಿನದ ಡೇಟಾ ಪೂರ್ತಿ ಖರ್ಚಾಯಿತು. ಹೊಸದಾಗಿ ಹಾಕಿದರೂ ಎಡಿಟರಿನಲ್ಲಿ ಅದೇ ಸ್ಥಿತಿ. ಆಗ ಎಡಿಟರನ್ನೇ ಬದಿಗಿಟ್ಟು ಆದೇಶಗಳನ್ನು ಟೈಪ್ ಮಾಡಿ ಕೊಡುವ ವಿಂಡೋಸಿನ ಕಮಾಂಡ್ ಪ್ರಾಂಪ್ಟ್ ತೆರೆದು, ಅದೇ ಕಡತವನ್ನು ಅಲ್ಲಿ ಕಂಪೈಲ್ ಮಾಡಿ, ಪ್ರೋಗ್ರಾಮಿನ ಹೆಸರು ಕೊಟ್ಟು ಓಡಿಸಿದೆ. ಪ್ರಶ್ನೆ ಬಂತು, 5000, 8, 2 ಎಂದು ಕೊಟ್ಟೆ, 800 ಎಂದು ಉತ್ತರ ಬಂತು. ಪ್ರೋಗ್ರಾಂ ಸರಿ, ಕಂಪೈಲರ್ ಸರಿ, ವಿಂಡೋಸ್ ಸರಿ. ಉಳಿದದ್ದು ಎಡಿಟರ್ ಮತ್ತು ಪ್ರೋಗ್ರಾಮಿನ ನಡುವಿನ ಸಂಪರ್ಕ ಮಾತ್ರ. ಈ ಪರೀಕ್ಷೆಗೆ ಎರಡು ನಿಮಿಷ ಸಾಕು, ಪಾಸ್‌ವರ್ಡ್ ಬೇಡ, ಹಣ ಬೇಡ. ಇನ್‌ಪುಟ್ ತೆಗೆದುಕೊಳ್ಳದ ಯಾವುದೇ ಪ್ರೋಗ್ರಾಮಿಗೆ ಮೊದಲು ಮಾಡಬೇಕಾದದ್ದು ಇದೇ ಎಂದು ನಾನು ಒತ್ತಿ ಹೇಳುತ್ತೇನೆ.

ಇನ್ನು ಎಡಿಟರಿನ ಕೆಳಗಿನ ಪಟ್ಟಿಯ ವಿಚಾರ. ಅದರಲ್ಲಿ ಪ್ರಾಬ್ಲಮ್ಸ್, ಔಟ್‌ಪುಟ್, ಡಿಬಗ್ ಕನ್ಸೋಲ್, ಟರ್ಮಿನಲ್ ಎಂಬ ವಿಭಾಗಗಳು ಸಾಲಾಗಿ ಇರುತ್ತವೆ. ನೋಡಲು ಎಲ್ಲವೂ ಒಂದೇ ಬಗೆಯ ಅಕ್ಷರಗಳ ಕಿಟಕಿಗಳೇ. ಆದರೆ ಔಟ್‌ಪುಟ್ ವಿಭಾಗ ಓದುವುದಕ್ಕೆ ಮಾತ್ರ ಇರುವಂಥದ್ದು, ಅಲ್ಲಿ ನಾವು ಏನನ್ನೂ ಬರೆಯಲು ಸಾಧ್ಯವಿಲ್ಲ. ಟರ್ಮಿನಲ್ ಮಾತ್ರ ಕೀಲಿಮಣೆಯಿಂದ ಒತ್ತಿದ್ದನ್ನು ಪ್ರೋಗ್ರಾಮಿಗೆ ತಲುಪಿಸುತ್ತದೆ. ನಮ್ಮಲ್ಲಿ ತ್ರಿಕೋನದ ಗುಂಡಿಯನ್ನು ಕೊಡುತ್ತಿದ್ದದ್ದು ಕೋಡ್ ರನ್ನರ್ ಎಂಬ ಎಕ್ಸ್‌ಟೆನ್ಷನ್, ಅಂದರೆ ಎಡಿಟರಿಗೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ. ಯಾರೂ ಏನೂ ಬದಲಿಸದಿದ್ದರೆ ಅದು ಪ್ರೋಗ್ರಾಮನ್ನು ಔಟ್‌ಪುಟ್ ವಿಭಾಗದಲ್ಲಿ ಓಡಿಸುತ್ತದೆ. ಉತ್ತರವನ್ನು ಮಾತ್ರ ತೋರಿಸುವ ಪ್ರೋಗ್ರಾಮಿಗೆ ಅದು ಅಚ್ಚುಕಟ್ಟಾದ ವ್ಯವಸ್ಥೆಯೇ, ಪ್ರಶ್ನೆ ಕೇಳುವ ಪ್ರೋಗ್ರಾಮಿಗೆ ಮಾತ್ರ ಒಗ್ಗದು.

ನಮ್ಮ ಗೊಂದಲವನ್ನು ಹೆಚ್ಚಿಸಿದ ಇನ್ನೊಂದು ಸಂಗತಿಯೆಂದರೆ, ಅದೇ ಔಟ್‌ಪುಟ್ ವಿಭಾಗದಲ್ಲಿ ಪೈಥಾನ್ ಪ್ರೋಗ್ರಾಂ ಓಡಿಸಿದಾಗ ಪ್ರಶ್ನೆಯ ಸಾಲು ಕಾಣುತ್ತಿತ್ತು, ಸಿ ಪ್ರೋಗ್ರಾಮಿನಲ್ಲಿ ಅದೂ ಕಾಣುತ್ತಿರಲಿಲ್ಲ. ಹಾಗಾಗಿ ಸಿಯಲ್ಲಿ ಬೇರೆ ದೋಷ, ಪೈಥಾನಿನಲ್ಲಿ ಬೇರೆ ದೋಷ ಎಂದು ನಾವು ಎರಡು ತೊಂದರೆಗಳನ್ನು ಹುಡುಕುತ್ತಿದ್ದೆವು. ಮೂಲ ಒಂದೇ. ಸಿಯಲ್ಲಿ ಸಾಲುಗಳನ್ನು ತೋರಿಸುವ ಪ್ರಿಂಟ್‌ಎಫ್ ಫಂಕ್ಷನ್ ಬರೆದದ್ದು ನೇರವಾಗಿ ತೆರೆಗೆ ಹೋಗದೆ, ಮೊದಲು ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಸೇರುತ್ತದೆ. ಎದುರಿಗೆ ಟರ್ಮಿನಲ್ ಇದ್ದರೆ ಅದು ಬೇಗನೆ ಹೊರಗೆ ಬರುತ್ತದೆ. ಔಟ್‌ಪುಟ್ ವಿಭಾಗದಂತೆ, ಒಂದು ಪ್ರೋಗ್ರಾಮಿನಿಂದ ಇನ್ನೊಂದಕ್ಕೆ ಸಾಗಿಸುವ ಪೈಪಿನ ಮೂಲಕ ಹಾದುಹೋಗುವಾಗ, ಬಫರ್ ತುಂಬುವವರೆಗೆ ಅಥವಾ ಪ್ರೋಗ್ರಾಂ ಮುಗಿಯುವವರೆಗೆ ಒಳಗೇ ಉಳಿಯುತ್ತದೆ. ಪೈಥಾನಿನ ಇನ್‌ಪುಟ್ ಫಂಕ್ಷನ್ ತನ್ನ ಪ್ರಶ್ನೆಯನ್ನು ತಾನೇ ಹೊರಗೆ ತಳ್ಳುವುದರಿಂದ ಆ ಸಾಲು ಕಾಣುತ್ತಿತ್ತು. ಸಿಯಲ್ಲಿ ಪ್ರಶ್ನೆಯ ಸಾಲಿನ ಕೆಳಗೆ, ಸ್ಟ್ಯಾಂಡರ್ಡ್ ಔಟ್‌ಪುಟ್ಟನ್ನು ಹೆಸರಿಸಿ, ಬಫರಿನಲ್ಲಿರುವುದನ್ನು ಹೊರಗೆ ತಳ್ಳುವ ಎಫ್‌ಫ್ಲಶ್ ಫಂಕ್ಷನ್ನನ್ನು ಕರೆದರೆ ಅಲ್ಲಿಯೂ ಪ್ರಶ್ನೆ ಕಾಣುತ್ತದೆ. ಆದರೆ ಉತ್ತರ ಕೊಡಲು ಮಾತ್ರ ಟರ್ಮಿನಲ್ಲೇ ಬೇಕು.

ಪರಿಹಾರ ಒಂದು ಸಣ್ಣ ಚೌಕದೊಳಗೆ ಇತ್ತು. ಸೆಟ್ಟಿಂಗ್ಸ್ ತೆರೆದು, ಹುಡುಕುವ ಜಾಗದಲ್ಲಿ 'ರನ್ ಇನ್ ಟರ್ಮಿನಲ್' ಎಂದು ಟೈಪ್ ಮಾಡಿದರೆ ಕೋಡ್ ರನ್ನರ್ ಹೆಸರಿನ ಕೆಳಗೆ ಒಂದು ಖಾಲಿ ಚೌಕ ಬರುತ್ತದೆ. ಅದಕ್ಕೆ ಗುರುತು ಹಾಕಿದ ಮೇಲೆ ಪ್ರೋಗ್ರಾಂ ಟರ್ಮಿನಲ್ಲಿನಲ್ಲಿ ಓಡುತ್ತದೆ. ರಜೆಗೆ ಮೊದಲು ಈ ಗುರುತು ನಮ್ಮ ಎಲ್ಲ ಕಂಪ್ಯೂಟರುಗಳಲ್ಲೂ ಇತ್ತು. ಯಾವಾಗಲೋ ಹಿಂದಿನವರು ಹಾಕಿಟ್ಟದ್ದು, ಅದು ಇದೆಯೆಂಬುದೇ ನಮಗೆ ತಿಳಿದಿರಲಿಲ್ಲ. ಎಡಿಟರನ್ನು ಅಪ್‌ಡೇಟ್ ಮಾಡಿದ ಮಾತ್ರಕ್ಕೆ ಸೆಟ್ಟಿಂಗುಗಳು ಅಳಿಯುವುದಿಲ್ಲ, ಅವು ವಿಂಡೋಸ್ ಬಳಕೆದಾರರ ಖಾತೆಯೊಳಗಿನ ಆಪ್‌ಡೇಟಾ ಫೋಲ್ಡರಿನಲ್ಲಿ ಬೇರೆಯಾಗಿ ಇರುತ್ತವೆ. ನಮ್ಮಲ್ಲಿ ಅಪ್‌ಡೇಟಿನ ಜೊತೆಗೆ ಹಳೆಯ ಬಳಕೆದಾರರ ಖಾತೆಗಳನ್ನೇ ತೆಗೆದು ಹೊಸ ಖಾತೆಗಳನ್ನು ತೆರೆದಿದ್ದರು. ಅದರ ಬಗ್ಗೆ ಒಂದು ಸಾಲಿನ ಟಿಪ್ಪಣಿಯನ್ನಾದರೂ ನಮಗೆ ಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ.

ಪ್ರತಿ ಕಂಪ್ಯೂಟರಿನಲ್ಲೂ ಪ್ರತಿ ಖಾತೆಯಲ್ಲೂ ಕುಳಿತು ಗುರುತು ಹಾಕುವುದು ಆಗದ ಕೆಲಸ. ಇದಕ್ಕೆ ಒಳ್ಳೆಯ ಉಪಾಯವಿದೆ. ವಿದ್ಯಾರ್ಥಿಗಳ ಕೆಲಸದ ಫೋಲ್ಡರಿನೊಳಗೆ ಚುಕ್ಕಿಯಿಂದ ಆರಂಭವಾಗುವ ವಿಎಸ್‌ಕೋಡ್ ಎಂಬ ಉಪಫೋಲ್ಡರ್ ಮಾಡಿ, ಅದರಲ್ಲಿ ಸೆಟ್ಟಿಂಗ್ಸ್ ಕಡತವನ್ನಿಟ್ಟರೆ ಆ ಫೋಲ್ಡರ್ ತೆರೆದಾಗಲೆಲ್ಲ ಅದೇ ಸೆಟ್ಟಿಂಗ್ ಅನ್ವಯವಾಗುತ್ತದೆ. ಸೆಟ್ಟಿಂಗ್ಸ್ ಪುಟದ ಮೇಲ್ಭಾಗದಲ್ಲಿ ಯೂಸರ್, ವರ್ಕ್‌ಸ್ಪೇಸ್ ಎಂಬ ಎರಡು ವಿಭಾಗಗಳಿವೆ. ವರ್ಕ್‌ಸ್ಪೇಸ್ ವಿಭಾಗದಲ್ಲಿ ಗುರುತು ಹಾಕಿದರೆ ಈ ಕಡತವನ್ನು ಎಡಿಟರೇ ಮಾಡಿಕೊಡುತ್ತದೆ. ಒಂದು ಫೋಲ್ಡರನ್ನು ಹೀಗೆ ಸಿದ್ಧಪಡಿಸಿ, ಪೆನ್‌ಡ್ರೈವಿನಲ್ಲಿ ಎಲ್ಲ ಕಂಪ್ಯೂಟರುಗಳಿಗೂ ಹಾಕಿದೆವು.

ಅಷ್ಟಾದರೂ ಕೆಲವು ಕಡೆ ಕೆಲಸ ಮಾಡಲಿಲ್ಲ. ವಿದ್ಯಾರ್ಥಿಗಳು ಫೋಲ್ಡರನ್ನು ತೆರೆಯದೆ ಒಳಗಿನ ಒಂದು ಸಿ ಕಡತವನ್ನಷ್ಟೇ ಎರಡು ಸಲ ಕ್ಲಿಕ್ಕಿಸಿ ತೆರೆಯುತ್ತಿದ್ದರು. ಹಾಗೆ ತೆರೆದರೆ ಫೋಲ್ಡರಿನ ಸೆಟ್ಟಿಂಗ್ ಅನ್ವಯವಾಗುವುದಿಲ್ಲ. ಫೈಲ್ ಮೆನುವಿನ ಓಪನ್ ಫೋಲ್ಡರ್ ಮೂಲಕವೇ ತೆರೆಯಬೇಕು. ಇನ್ನು ಕೆಲವು ಕಂಪ್ಯೂಟರುಗಳಲ್ಲಿ ತ್ರಿಕೋನದ ಗುಂಡಿಯೇ ಮಾಯವಾಗಿತ್ತು. ಹೊಸ ಫೋಲ್ಡರ್ ತೆರೆದಾಗ, ಇದರಲ್ಲಿರುವ ಕಡತಗಳನ್ನು ಬರೆದವರನ್ನು ನೀವು ನಂಬುವಿರಾ ಎಂದು ಎಡಿಟರ್ ಕೇಳುತ್ತದೆ. 2021ರಿಂದ ಇರುವ ಸುರಕ್ಷತಾ ಕ್ರಮ ಇದು. ಅಪರಿಚಿತ ಪ್ರಶ್ನೆಗೆ ಹೌದು ಎನ್ನಬಾರದೆಂದು ನಾವೇ ಮಕ್ಕಳಿಗೆ ಹೇಳಿಕೊಟ್ಟಿರುತ್ತೇವೆ, ಅವರು ಇಲ್ಲ ಎಂದು ಒತ್ತಿದ್ದರು. ಆಗ ಎಡಿಟರ್ ರಿಸ್ಟ್ರಿಕ್ಟೆಡ್ ಮೋಡ್ ಎಂಬ ನಿರ್ಬಂಧಿತ ಸ್ಥಿತಿಗೆ ಹೋಗಿ ಅನೇಕ ಎಕ್ಸ್‌ಟೆನ್ಷನ್‌ಗಳನ್ನು ತಡೆಹಿಡಿಯುತ್ತದೆ. ಕೆಳಗಿನ ಎಡಮೂಲೆಯಲ್ಲಿ ಆ ಹೆಸರು ಕಾಣಿಸಿದರೆ ಅದರ ಮೇಲೆ ಒತ್ತಿ, ಫೋಲ್ಡರ್ ನಿಮ್ಮದೇ ಎಂದು ಖಾತ್ರಿಯಿದ್ದರೆ, ನಂಬಿಕೆ ಕೊಡಬಹುದು. ಎಲ್ಲಿಂದಲೋ ಇಳಿಸಿಕೊಂಡ ಫೋಲ್ಡರಿಗೆ ಮಾತ್ರ ಹಾಗೆ ಮಾಡಬೇಡಿ.

ಟರ್ಮಿನಲ್ಲಿನಲ್ಲಿ ಓಡತೊಡಗಿದ ಮೇಲೂ ಅಂಕಿಗಳು ಪ್ರೋಗ್ರಾಮಿನೊಳಗೇ ಬೀಳುವುದು ನಿಲ್ಲಲಿಲ್ಲ. ಕೋಡ್ ರನ್ನರ್ ಓಡಿಸಿದ ಮೇಲೂ ಕರ್ಸರನ್ನು ಬರೆಯುವ ಜಾಗದಲ್ಲಿಯೇ ಬಿಟ್ಟಿರುತ್ತದೆ, ಹಾಗೆ ಮಾಡಿಸುವ ಸೆಟ್ಟಿಂಗಿನ ಹೆಸರು 'ಪ್ರಿಸರ್ವ್ ಫೋಕಸ್'. ಆ ಗುರುತನ್ನು ತೆಗೆದುಹಾಕಬಹುದು, ಇಲ್ಲವೇ ಟರ್ಮಿನಲ್ಲಿನ ಒಳಗೆ ಒಮ್ಮೆ ಕ್ಲಿಕ್ಕಿಸಿ ಟೈಪ್ ಮಾಡಬಹುದು. ಕೋಡ್ ರನ್ನರಿನ ಸೆಟ್ಟಿಂಗುಗಳಲ್ಲಿ, ಓಡಿಸುವ ಮುನ್ನ ಕಡತವನ್ನು ಉಳಿಸುವ ಸೆಟ್ಟಿಂಗೂ ಇದೆ. ಅದಕ್ಕೂ ಗುರುತು ಹಾಕಿಬಿಡಿ. ಇಲ್ಲದಿದ್ದರೆ ತಿದ್ದಿದ್ದನ್ನು ಉಳಿಸದೆ ಓಡಿಸಿ, ಹಳೆಯ ಪ್ರೋಗ್ರಾಮಿನ ಉತ್ತರವನ್ನೇ ನೋಡುತ್ತ ಕೂರಬೇಕಾಗುತ್ತದೆ.

ನನ್ನನ್ನು ಬಹಳ ಹೊತ್ತು ಕಾಡಿದ ಘಟನೆ ಇದರ ನಂತರದ್ದು. ಹೆಸರು ಕೇಳಿ ನಮಸ್ಕಾರ ಹೇಳುವ ಪ್ರೋಗ್ರಾಮೊಂದನ್ನು ಒಬ್ಬ ಹುಡುಗ ಓಡಿಸಿದಾಗ, ಅವನು ಏನನ್ನೂ ಟೈಪ್ ಮಾಡದೆಯೇ 'ನಮಸ್ಕಾರ ಸಿಡಿ' ಎಂಬರ್ಥದ ಸಾಲು ಬಂತು. ಪಕ್ಕದವನ ಸರಳ ಬಡ್ಡಿಯ ಪ್ರೋಗ್ರಾಮಿನಲ್ಲಿ, ಅಂಕಿ ಕೊಡುವ ಮೊದಲೇ ಅರ್ಥವಿಲ್ಲದ ದೊಡ್ಡ ಸಂಖ್ಯೆಯೊಂದು ಬಡ್ಡಿಯಾಗಿ ಬಂತು. ಹೊಸ ವೈರಸ್ ಇರಬಹುದೆಂದು ಲ್ಯಾಬಿನಲ್ಲೆಲ್ಲ ಗುಸುಗುಸು. ಇಬ್ಬರ ಟರ್ಮಿನಲ್ಲುಗಳನ್ನೂ ಮೇಲಕ್ಕೆ ಸರಿಸಿ ಮೊದಲಿನಿಂದ ಓದಿದಾಗ ವಿಷಯ ಗೊತ್ತಾಯಿತು. ಹಿಂದಿನ ಸಲ ಓಡಿಸಿದ ಪ್ರೋಗ್ರಾಂ ಹೆಸರಿಗಾಗಿ ಇನ್ನೂ ಕಾಯುತ್ತಿತ್ತು; ಅದು ಮುಗಿಯುವ ಮೊದಲೇ ತ್ರಿಕೋನವನ್ನು ಮತ್ತೆ ಒತ್ತಲಾಗಿತ್ತು. ಕೋಡ್ ರನ್ನರ್ ಟರ್ಮಿನಲ್ಲಿಗೆ ಕಳಿಸುವ ಆದೇಶ, ಫೋಲ್ಡರ್ ಬದಲಿಸುವ 'ಸಿಡಿ' ಎಂಬ ಪದದಿಂದ ಆರಂಭವಾಗುತ್ತದೆ. ಆದೇಶವನ್ನು ಸ್ವೀಕರಿಸಬೇಕಾದ ಶೆಲ್ ಆ ಹೊತ್ತಿನಲ್ಲಿ ಹಿಂದೆ ಇತ್ತು, ಎದುರಿಗೆ ಇದ್ದದ್ದು ಕಾಯುತ್ತಿದ್ದ ಪ್ರೋಗ್ರಾಂ. ಅದು ಆ ಪದವನ್ನೇ ಹೆಸರೆಂದು ತೆಗೆದುಕೊಂಡಿತು. ಸಂಖ್ಯೆಗಾಗಿ ಕಾಯುತ್ತಿದ್ದ ಪ್ರೋಗ್ರಾಮಿಗೆ ಸಂಖ್ಯೆಯ ಬದಲು ಅಕ್ಷರ ಸಿಕ್ಕಿ, ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಫಂಕ್ಷನ್ ವಿಫಲವಾಯಿತು, ಬೆಲೆಯನ್ನೇ ಕೊಡದ ವೇರಿಯಬಲ್ಲಿನಲ್ಲಿ ಮೊದಲೇ ಇದ್ದ ಕಸ ಹೊರಬಂತು. ಆದ್ದರಿಂದ ಮತ್ತೆ ಓಡಿಸುವ ಮುನ್ನ ಟರ್ಮಿನಲ್ಲಿನೊಳಗೆ ಕ್ಲಿಕ್ಕಿಸಿ, ಕಂಟ್ರೋಲ್ ಮತ್ತು ಸಿ ಒತ್ತಿ, ಹಳೆಯ ಓಟವನ್ನು ನಿಲ್ಲಿಸಬೇಕು. ಸ್ಕ್ಯಾನ್‌ಎಫ್ ಎಷ್ಟು ಬೆಲೆಗಳನ್ನು ಓದಿತೆಂದು ಹಿಂತಿರುಗಿಸುವ ಸಂಖ್ಯೆಯನ್ನು ಪರೀಕ್ಷಿಸುವ ಅಭ್ಯಾಸವನ್ನು ನಾನು ಅಂದಿನಿಂದ ಮೊದಲ ತರಗತಿಯಲ್ಲೇ ಕಲಿಸುತ್ತಿದ್ದೇನೆ.

ಸಂಖ್ಯೆ ಓದಿದ ಮೇಲೆ ಒಂದು ಅಕ್ಷರ ಓದಲು ಹೋದರೆ ಪ್ರೋಗ್ರಾಂ ನಿಲ್ಲದೆ ಮುಂದಕ್ಕೆ ಹೋಗಿಬಿಡುತ್ತದೆ ಎಂಬ ದೂರೂ ಬಂತು. ಅದು ಅಪ್‌ಡೇಟಿಗೆ ಸೇರಿದ್ದಲ್ಲ. ಸಂಖ್ಯೆಯ ನಂತರ ಒತ್ತಿದ ಎಂಟರ್ ಉಳಿದುಕೊಂಡು ಅಕ್ಷರವಾಗಿ ಓದಲ್ಪಡುತ್ತದೆ. ಸ್ಕ್ಯಾನ್‌ಎಫ್‌ನಲ್ಲಿ ಅಕ್ಷರ ಓದುವ %c ಸೂಚನೆಗಿಂತ ಮೊದಲು ಒಂದು ಖಾಲಿ ಜಾಗ ಬಿಟ್ಟರೆ ಸಾಕು.

ಪೈಥಾನ್ ತರಗತಿಯಲ್ಲಿ ಎಫ್5 ಒತ್ತಿ ಡಿಬಗ್ ಮಾಡುವಾಗ, ಅಂದರೆ ತಪ್ಪು ಹುಡುಕಲು ಪ್ರೋಗ್ರಾಮನ್ನು ಓಡಿಸುವಾಗ, ಬೇರೆ ರೀತಿಯಲ್ಲಿ ಇದೇ ತೊಂದರೆ ಬಂತು. ಹಳೆಯ ಫೋಲ್ಡರೊಂದರಲ್ಲಿ, ಡಿಬಗ್ ಹೇಗೆ ನಡೆಯಬೇಕೆಂದು ಹೇಳುವ ಲಾಂಚ್ ಕಡತದಲ್ಲಿ 'ಕನ್ಸೋಲ್' ಎಂಬುದರ ಎದುರು 'ಇಂಟರ್ನಲ್ ಕನ್ಸೋಲ್' ಎಂದಿತ್ತು. ಆಗ ಪ್ರೋಗ್ರಾಂ ಡಿಬಗ್ ಕನ್ಸೋಲಿನಲ್ಲಿ ಓಡುತ್ತದೆ, ಅಲ್ಲಿ ಟೈಪ್ ಮಾಡುವ ಜಾಗ ಇದ್ದರೂ ಅದು ಡಿಬಗರಿಗೆ ಹೋಗುತ್ತದೆಯೇ ಹೊರತು ಪ್ರೋಗ್ರಾಮಿಗೆ ಅಲ್ಲ. 'ಇಂಟಿಗ್ರೇಟೆಡ್ ಟರ್ಮಿನಲ್' ಎಂದು ಬದಲಿಸಿದ ಮೇಲೆ ಸರಿಹೋಯಿತು. ಸಿ ಶಾರ್ಪ್ ಕಲಿಯುವವರೂ ಅದೇ ಬದಲಾವಣೆಯನ್ನು ಮಾಡಿಕೊಳ್ಳಬೇಕು. ಸಬ್ಲೈಮ್ ಟೆಕ್ಸ್ಟ್ ಎಂಬ ಬೇರೊಂದು ಎಡಿಟರ್ ಬಳಸುವ ವಿದ್ಯಾರ್ಥಿಯೊಬ್ಬನಿಗೆ ಮನೆಯಲ್ಲಿ ಇನ್‌ಪುಟ್ ಸಾಲಿನಲ್ಲೇ, ಓದಲು ಏನೂ ಇಲ್ಲ ಎಂಬರ್ಥದ ಇಒಎಫ್ ಎರರ್ ಬರುತ್ತಿತ್ತು. ಅದರ ಬಿಲ್ಡ್ ಕಿಟಕಿಯೂ ಉತ್ತರ ತೋರಿಸುವುದಕ್ಕಷ್ಟೇ ಇರುವುದರಿಂದ, ಆ ಹುಡುಗನಿಗೂ ಕಮಾಂಡ್ ಪ್ರಾಂಪ್ಟಿನಲ್ಲಿ ಓಡಿಸುವಂತೆ ಹೇಳಿದೆ.

ಹೆಸರನ್ನು ಕನ್ನಡದಲ್ಲಿಯೇ ಕೊಡಬೇಕೆಂದು ನಮ್ಮ ಮಕ್ಕಳಿಗೆ ಆಸೆ. ಪೈಥಾನ್ 3.6ರಿಂದ, ಅಂದರೆ 2016ರ ಕೊನೆಯಿಂದ, ವಿಂಡೋಸಿನ ಕನ್ಸೋಲಿನಲ್ಲಿ, ಹಲವು ಭಾಷೆಗಳ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಓದುವುದು ಸುಗಮವಾಗಿದೆ. ಕನ್ನಡದ ಹೆಸರು ಕೊಟ್ಟಾಗ ಅದು ಹಾಗೆಯೇ ಒಳಗೆ ಹೋಯಿತು, ತೆರೆಯ ಮೇಲೆ ಮಾತ್ರ ಒತ್ತಕ್ಷರಗಳು ಬಿಡಿಬಿಡಿಯಾಗಿ ಕಂಡವು. ಸಿಯಲ್ಲಿ ಇನ್ನೊಂದು ಎಚ್ಚರ ಬೇಕು. ಆ ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್ ಬೇಕಾಗುತ್ತದೆ, ಒತ್ತಕ್ಷರವೆಂದರೆ ಹಲವು ಸಂಕೇತಗಳು. 'ಕನ್ನಡ' ಎಂಬ ಮೂರಕ್ಷರಕ್ಕೆ 5 ಸಂಕೇತ, 15 ಬೈಟ್. ಪದ ಮುಗಿಯಿತೆಂದು ತೋರಿಸಲು ಸಿಯಲ್ಲಿ ಕೊನೆಗೆ ಇಡುವ ಶೂನ್ಯವನ್ನೂ ಸೇರಿಸಿದರೆ 16. ಅಕ್ಷರಗಳನ್ನು ಸಾಲಾಗಿ ಇಡುವ ಹತ್ತು ಬೈಟಿನ ಅರೇಯಲ್ಲಿ ಅದು ಹಿಡಿಸುವುದಿಲ್ಲ. ನಮ್ಮ ಯಂತ್ರಗಳಲ್ಲಿ ಸಿ ಪ್ರೋಗ್ರಾಮಿಗೆ ಕೀಲಿಮಣೆಯಿಂದ ಕನ್ನಡ ಸರಿಯಾಗಿ ತಲುಪಲಿಲ್ಲ. ಹೆಸರುಗಳನ್ನು ಯುಟಿಎಫ್-8 ಕಡತದಲ್ಲಿ ಬರೆದಿಟ್ಟು, ಪ್ರೋಗ್ರಾಂ ಆ ಕಡತದಿಂದಲೇ ಓದುವಂತೆ ಸದ್ಯಕ್ಕೆ ಮಾಡಿಕೊಂಡಿದ್ದೇವೆ.

ಆಂತರಿಕ ಪರೀಕ್ಷೆ ಒಂದು ವಾರ ಮುಂದಕ್ಕೆ ಹೋದರೂ ಸುಸೂತ್ರವಾಗಿ ನಡೆಯಿತು. ಭೇಟಿಯ ಶುಲ್ಕವನ್ನು ಕೊಡಬೇಕಾಗಲಿಲ್ಲ. ಖರ್ಚಾದದ್ದು ಮೊಬೈಲ್ ಡೇಟಾ ಮತ್ತು ಸಮಯ. ಮುಂದಿನ ರಜೆಗೆ ಮೊದಲು ಮಾಡಬೇಕಾದದ್ದನ್ನು ಪತ್ರದಲ್ಲಿ ಬರೆದು ನಿರ್ವಹಣೆಯವರಿಗೆ ಕೊಟ್ಟು, ಆ ಪತ್ರದ ಒಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಪಡೆದಿದ್ದೇನೆ. ಬಳಕೆದಾರರ ಖಾತೆಯನ್ನು ತೆಗೆದುಹಾಕುವ ಮುನ್ನ ಅದರ ಆಪ್‌ಡೇಟಾದೊಳಗೆ ರೋಮಿಂಗ್, ಅದರೊಳಗೆ ಕೋಡ್, ಅದರೊಳಗೆ ಯೂಸರ್ ಎಂಬ ಫೋಲ್ಡರನ್ನು ನಕಲು ಮಾಡಿಡಬೇಕು. ಅಪ್‌ಡೇಟ್ ಆದ ಮೇಲೆ ಇನ್‌ಪುಟ್ ಕೇಳುವ ಒಂದು ಸಿ ಪ್ರೋಗ್ರಾಮನ್ನೂ ಒಂದು ಪೈಥಾನ್ ಪ್ರೋಗ್ರಾಮನ್ನೂ ನಮ್ಮೆದುರು ಓಡಿಸಿ ತೋರಿಸಬೇಕು. ಸೆಮಿಸ್ಟರ್ ನಡೆಯುವಾಗ ಎಡಿಟರ್ ತಾನಾಗಿ ಬದಲಾಗದಿರಲೆಂದು 'ಅಪ್‌ಡೇಟ್ ಮೋಡ್' ಸೆಟ್ಟಿಂಗನ್ನು 'ಮ್ಯಾನ್ಯುಯಲ್' ಎಂದು ಇಟ್ಟಿದ್ದೇವೆ. ಸುರಕ್ಷತೆಯ ತಿದ್ದುಪಡಿಗಳು ಬರುತ್ತಲೇ ಇರುವುದರಿಂದ ಅದನ್ನು ಹಾಗೆಯೇ ಬಿಡುವಂತಿಲ್ಲ. ಪ್ರತಿ ಸೆಮಿಸ್ಟರಿನ ಕೊನೆಯ ಪ್ರಾಯೋಗಿಕ ಪರೀಕ್ಷೆ ಮುಗಿದ ಮರುದಿನ ನಾವೇ ಕುಳಿತು ಎಡಿಟರನ್ನು ಅಪ್‌ಡೇಟ್ ಮಾಡುವುದೆಂದು ವಿಭಾಗದ ಸಭೆಯಲ್ಲಿ ತೀರ್ಮಾನವಾಗಿದೆ.